ಮನೆಗೊಂದು ಮಡಚುವ ಚಾಕು

ಗೃಹಸ್ಥರ ನಿತ್ಯಜೀವನದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದೂ ಅತಿ ಕಡಿಮೆ ಗಮನಕ್ಕೆ ಪಾತ್ರವಾಗುವ ಉಪಕರಣ ಯಾವುದೆಂದು ಕೇಳಿದರೆ, ಅದು ಚಾಕು ಎಂದು ನಿಸ್ಸಂದೇಹವಾಗಿ ಹೇಳಬಹುದು. ಪಂಪ್‌ಸೆಟ್ಟು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವವರು, ಒಂದು ಜೊತೆ ಎತ್ತು ಕೊಳ್ಳುವಾಗ ಸುಳಿ, ಹಲ್ಲು, ಗೊರಸುಗಳನ್ನೆಲ್ಲ ಪರೀಕ್ಷಿಸುವವರು, ಚಾಕುವನ್ನು ಮಾತ್ರ ಸಂತೆಯ ಗುಡ್ಡೆಯೊಳಗಿನಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತಾರೆ. ಅದು ಹದಿನೈದು ದಿನಗಳಲ್ಲಿ ಮೊಂಡಾಗುತ್ತದೆ, ತಿಂಗಳೊಳಗೆ ಅಲ್ಲಾಡತೊಡಗುತ್ತದೆ, ಬಳಿಕ ಅಟ್ಟದ ಮೂಲೆ ಸೇರುತ್ತದೆ. ಆ ಮೇಲೆ ಮನೆಯವರ ಕೈಗೆ ಬರುವುದು ಕ್ಷೌರದ ಬ್ಲೇಡಿನ ಅರ್ಧ ತುಂಡು. ಈ ಸಣ್ಣ ವಿಷಯದ ಹಿಂದೆ ಸಣ್ಣದಲ್ಲದ ಹಾನಿಯೂ ಅಡಗಿರುವುದರಿಂದ, ಜೇಬಿನಲ್ಲಿಟ್ಟುಕೊಳ್ಳಬಹುದಾದ ಸರಳವಾದ ಮಡಚುವ ಚಾಕುವನ್ನು ಆರಿಸುವ ಬಗೆಯನ್ನು ಓದುಗ ಬಂಧುಗಳ ಮುಂದೆ ಇಡಲು ಬಯಸುತ್ತೇವೆ.

ದೊಡ್ಡ ಆಯುಧಗಳ ನಡುವಿನ ಸಣ್ಣ ಕೆಲಸ

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ತೆಂಗಿನ ಸೀಮೆ. ತೆಂಗಿನ ಜೊತೆಗೆ ಅಡಿಕೆ, ಬಾಳೆ, ದಾಳಿಂಬೆ, ರಾಗಿ, ಹುರುಳಿ ಮೊದಲಾದುವೂ ಉಂಟು. ಇಲ್ಲಿಯ ಕೃಷಿಕರ ಮನೆಯಲ್ಲಿ ಕತ್ತರಿಸುವ ಉಪಕರಣಗಳಿಗೆ ಕೊರತೆಯಿಲ್ಲ. ಎಳನೀರಿಗೆ ಮಚ್ಚು, ಹುಲ್ಲಿಗೆ ಕುಡುಗೋಲು, ಸೌದೆಗೆ ಕೊಡಲಿ, ತರಕಾರಿಗೆ ಈಳಿಗೆಮಣೆ, ವೀಳ್ಯಕ್ಕೆ ಅಡಕತ್ತರಿ, ಹೀಗೆ ಒಂದೊಂದಕ್ಕೂ ಒಂದೊಂದು ಸ್ಥಾನ ನಿಶ್ಚಿತವಾಗಿದೆ.

ಆದರೆ ಈ ದೊಡ್ಡ ಉಪಕರಣಗಳ ನಡುವೆ ದಿನಕ್ಕೆ ಹತ್ತಾರು ಸಣ್ಣ ಕೆಲಸಗಳು ಒದಗುತ್ತವೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ಹನಿ ನೀರಾವರಿಯ ಕೊಳವೆಯನ್ನು ಅಳತೆಗೆ ಕೊಯ್ಯಬೇಕು. ಸಸಿ ನೆಡುವಾಗ ಅದರ ಪ್ಲಾಸ್ಟಿಕ್ ಚೀಲವನ್ನು ಬೇರಿಗೆ ತಾಗದಂತೆ ಸೀಳಬೇಕು. ದನದ ಕೊರಳಿನಲ್ಲಿ ಬಿಗಿದುಕೊಂಡ ಹಗ್ಗವನ್ನು ತಟ್ಟನೆ ಕತ್ತರಿಸಬೇಕು. ತೋಟದಲ್ಲಿ ಹಸಿದಾಗ ಹಣ್ಣೊಂದನ್ನು ಹೆಚ್ಚಿಕೊಳ್ಳಬೇಕು. ಸಂಜೆ ಮನೆಗೆ ಬಂದರೆ ಮೊಮ್ಮಗುವಿನ ಪೆನ್ಸಿಲ್ ಹರೆಯಬೇಕು. ಇವುಗಳಿಗೆ ಮಚ್ಚು ದೊಡ್ಡದು. ಉಗುರು, ಹಲ್ಲುಗಳು ಸಾಲವು. ಹಲ್ಲಿನಿಂದ ಕೀಟನಾಶಕದ ಪೊಟ್ಟಣವನ್ನು ಕಚ್ಚಿ ತೆರೆಯುವವರನ್ನೂ ನಾವು ಕಂಡಿದ್ದೇವೆ. ಅದು ಎಷ್ಟು ಅಪಾಯಕರವೆಂದು ವಿವರಿಸಬೇಕಾಗಿಲ್ಲ. ಜೇಬಿನಲ್ಲಿ ಒಂದು ಸಣ್ಣ ಚಾಕು ಇದ್ದಿದ್ದರೆ ಅಂತಹ ಪ್ರಸಂಗವೇ ಬಾರದು.

ಬ್ಲೇಡಿನ ಚೂರು, ಹಟ್ಟಿಯ ಹಸು

ಒಳ್ಳೆಯ ಚಾಕು ಇಲ್ಲದ ಮನೆಯಲ್ಲಿ ಅರ್ಧ ಬ್ಲೇಡುಗಳೂ, ಮುರಿದು ಮುರಿದು ಬಳಸುವ ಅಗ್ಗದ ಕಟ್ಟರಿನ ಅಲಗುಗಳೂ ಸೇರಿಕೊಳ್ಳುತ್ತವೆ. ಮೊಂಡಾದ ಚೂರನ್ನು ಜನರು ಕಸಕ್ಕೆ ಎಸೆಯುತ್ತಾರೆ. ಕಸ ತಿಪ್ಪೆಗೆ ಹೋಗುತ್ತದೆ. ತಿಪ್ಪೆಯ ಸುತ್ತ ಮೇಯುವ ಹಸು ಅದನ್ನು ಮೇವಿನೊಡನೆ ನುಂಗುತ್ತದೆ.

ದನಗಳು ಮೊದಲು ಮೇವನ್ನು ಸರಿಯಾಗಿ ಅಗಿಯದೆ ನುಂಗಿ, ಅನಂತರ ಮೆಲುಕು ಹಾಕುತ್ತವೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಈ ಕಾರಣದಿಂದಲೇ ಮೇವಿನೊಳಗಿನ ಮೊಳೆ, ತಂತಿ, ಬ್ಲೇಡಿನ ಚೂರು ಅವುಗಳ ಬಾಯಿಗೆ ಗೊತ್ತಾಗುವುದಿಲ್ಲ. ಹೀಗೆ ಒಳಗೆ ಹೋದ ಲೋಹದ ತುಂಡು ದನದ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದಾದ, ಜೇನುಗೂಡಿನಂತಹ ಒಳಮೈಯುಳ್ಳ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ಒಂದು ತೆಳುವಾದ ಪರದೆ ಮಾತ್ರ. ಹೊಟ್ಟೆ ಸಂಕುಚಿಸಿದಂತೆಲ್ಲ ಮೊನೆಯುಳ್ಳ ತುಂಡು ಮುಂದಕ್ಕೆ ಸರಿದು, ಕಡೆಗೆ ಹೃದಯದ ಹೊದಿಕೆಯನ್ನೇ ಚುಚ್ಚಬಹುದು. ಹಸು ಮೇವು ಬಿಡುತ್ತದೆ. ಹಾಲು ತಟ್ಟನೆ ಇಳಿಯುತ್ತದೆ. ಮುಂಗಾಲಿನ ಮೊಣಕೈಗಳನ್ನು ಅಗಲಿಸಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ. ಕೆಲವು ವೇಳೆ ಗಂಗೆದೊಗಲು, ಎದೆಯ ಭಾಗ ಬಾತುಕೊಳ್ಳುತ್ತದೆ. ಆ ಹಂತ ತಲುಪಿದ ಮೇಲೆ ಪಶುವೈದ್ಯರ ಪ್ರಯತ್ನವೂ ಫಲಿಸುವುದು ಕಷ್ಟ.

ಈ ವ್ಯಾಧಿಗೆ ತಂತಿ, ಮೊಳೆಗಳೇ ಹೆಚ್ಚಿನ ಕಾರಣವೆಂಬುದು ನಿಜ. ಆದರೂ ಮನೆಯಲ್ಲಿ ಬ್ಲೇಡಿನ ಚೂರುಗಳೇ ಹುಟ್ಟದಂತೆ ಮಾಡುವುದು ನಮ್ಮ ಕೈಯಲ್ಲಿರುವ ಕೆಲಸ. ಹತ್ತು ವರ್ಷ ಬಾಳುವ ಒಂದು ಚಾಕು ನೂರಾರು ಬ್ಲೇಡಿನ ಚೂರುಗಳನ್ನು ತಡೆಯುತ್ತದೆ. ಆದ್ದರಿಂದ ಚಾಕುವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ಹರಿತವಾಗಿದೆ?’ ಎಂಬುದಲ್ಲ, ‘ಇದು ಮೊಂಡಾದಾಗ ನಮ್ಮ ಮನೆಯಲ್ಲೇ ಮತ್ತೆ ಹರಿತ ಮಾಡಿಕೊಳ್ಳಬಹುದೇ?’ ಎಂಬುದು. ಈ ಲೇಖನದ ಸಾರವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ನಮ್ಮ ನಾಡಿನ ಪರಂಪರೆ

ಮಡಚುವ ಚಾಕು ವಿದೇಶದಿಂದ ಬಂದ ಶೋಕಿಯ ವಸ್ತುವೆಂದು ಭಾವಿಸುವವರುಂಟು. ಅದು ಸರಿಯಲ್ಲ. ಕಾಗದ ಬಳಕೆಗೆ ಬರುವ ಮೊದಲು ದಕ್ಷಿಣ ದೇಶದಲ್ಲಿ ತಾಳೆಗರಿಯ ಮೇಲೆ ಬರೆಯುತ್ತಿದ್ದರಷ್ಟೆ. ಬರೆಯಲು ಕಬ್ಬಿಣದ ಕಂಠ ಬೇಕು. ಗರಿಯನ್ನು ಅಳತೆಗೆ ಕೊಯ್ದು ಅಂಚು ಸವರಲು ಸಣ್ಣ ಚೂರಿ ಬೇಕು. ಇವೆರಡನ್ನೂ ಒಂದೇ ಹಿಡಿಯ ಎರಡು ತುದಿಗಳಿಗೆ ಜೋಡಿಸಿ, ಕೆಲಸ ಮುಗಿದೊಡನೆ ಹಿಡಿಯೊಳಕ್ಕೆ ಮಡಚಿಡುವ ಉಪಕರಣವೊಂದು ತಮಿಳುನಾಡಿನಲ್ಲಿ ಬಳಕೆಯಲ್ಲಿತ್ತು. ಅಲ್ಲಿ ಅದಕ್ಕೆ ‘ಮಡಕ್ಕೆಳುತ್ತಾಣಿ’, ಎಂದರೆ ಮಡಚುವ ಕಂಠ, ಎಂದು ಹೆಸರು. ವಿದ್ಯೆಗೂ ಚಾಕುವಿಗೂ ಇರುವ ನಂಟು ಇಷ್ಟು ಹಳೆಯದು.

ಅಲಗಿಗೆ ಬೇಕಾದ ಉಕ್ಕಿನ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಸ್ಥಾನವಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಹೊಸದುರ್ಗಕ್ಕೆ ತೀರ ದೂರವಲ್ಲದ ಮಧುಗಿರಿ, ಚನ್ನರಾಯದುರ್ಗಗಳ ಸುತ್ತ ಕಬ್ಬಿಣ ಕರಗಿಸುವ ಕುಲುಮೆಗಳನ್ನೂ ಉಕ್ಕು ತಯಾರಿಸುವ ವಿಧಾನವನ್ನೂ ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಒಣಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುವುದು ಆ ವಿಧಾನ. ಕಡ್ಡಿಯ ಇಂಗಾಲ ಕಬ್ಬಿಣದಲ್ಲಿ ಬೆರೆತು ಉಕ್ಕಾಗುತ್ತದೆ.

ಈ ಉಕ್ಕು ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಯಿತು. ಆ ಹೆಸರು ಕನ್ನಡದ ‘ಉಕ್ಕು’ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಲೋಹವನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದನು. ಅದರಲ್ಲೊಂದು ಸ್ವಾರಸ್ಯಕರವಾದ ಸಂಗತಿಯಿದೆ. ಸ್ಟೊಡಾರ್ಟ್ ಎಂಬ ಹೆಸರಾಂತ ಉಪಕರಣ ತಯಾರಕನು ಭಾರತದ ಈ ಉಕ್ಕಿನ ತುಂಡೊಂದನ್ನು ಬಡಿದು, ಲೇಖನಿ ಹರೆಯುವ ಸಣ್ಣ ಚಾಕುವನ್ನು ಮಾಡಿದನು. ಅದರ ಅಂಚು ಅತ್ಯುತ್ತಮ ಉಕ್ಕಿನ ಚಾಕುವಿಗೆ ಸರಿಸಮನಾಗಿ ಕೊಯ್ಯಿತು. ಜಗತ್ತಿನ ವಿದ್ವಾಂಸರು ನಮ್ಮ ಉಕ್ಕಿನ ಗುಣವನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಖಡ್ಗವನ್ನಲ್ಲ, ಒಂದು ಸಣ್ಣ ಚಾಕುವನ್ನು! ಅಂತಹ ನಾಡಿನವರು ತಗಡಿನ ಚಾಕುವಿಗೆ ತೃಪ್ತರಾಗಬೇಕಾಗಿಲ್ಲ.

ರಾಂಪುರ ಬೇರೆ, ಶ್ರೀರಾಂಪುರ ಬೇರೆ

ಮಡಚುವ ಚಾಕು ಎಂದೊಡನೆ ಅನೇಕರ ಮನಸ್ಸಿಗೆ ಬರುವುದು ‘ರಾಂಪುರಿ’. ಹೆಸರಿನ ಹೋಲಿಕೆಯಿಂದ ಶ್ರೀರಾಂಪುರದವರನ್ನು ನೆಂಟರಿಷ್ಟರು ಹಾಸ್ಯ ಮಾಡುವುದೂ ಉಂಟು. ಆ ರಾಂಪುರವಿರುವುದು ಉತ್ತರಪ್ರದೇಶದಲ್ಲಿ. ನವಾಬರ ಕಾಲದಿಂದ ಅಲ್ಲಿಯ ಕುಶಲಕರ್ಮಿಗಳು ಉದ್ದನೆಯ ಅಲಗಿನ ಮಡಚುವ ಚಾಕುಗಳಿಗೆ ಪ್ರಸಿದ್ಧರು. ಹಿಂದಿ ಚಲನಚಿತ್ರಗಳು ಅದನ್ನು ಪುಂಡರ ಕೈಯಲ್ಲಿಟ್ಟು ತೋರಿಸಿದ್ದರಿಂದ ಅದರ ಕೀರ್ತಿಯ ಜೊತೆಗೆ ಅಪಕೀರ್ತಿಯೂ ಬೆಳೆಯಿತು. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಎತ್ತರದ ಚಾಕುವಿನ ಪ್ರತಿಕೃತಿಯನ್ನೇ ನಿಲ್ಲಿಸಿದ್ದಾರೆ.

ಕುಶಲಕರ್ಮದ ದೃಷ್ಟಿಯಿಂದ ಅದು ಗೌರವಾರ್ಹವೇ. ಆದರೆ ಗೃಹಸ್ಥರ ಜೇಬಿಗೆ ಅಷ್ಟು ಉದ್ದದ ಅಲಗಾಗಲಿ, ಗುಂಡಿ ಒತ್ತಿದೊಡನೆ ಚಿಮ್ಮುವ ‘ಬಟನ್ ಚಾಕು’ವಾಗಲಿ ಬೇಕಾಗಿಲ್ಲ. ಕಾನೂನಿನ ವಿಷಯವನ್ನೂ ತಿಳಿದಿರುವುದು ಒಳ್ಳೆಯದು. 1959ರ ಆಯುಧ ಕಾಯಿದೆಯಡಿ ರಚಿತವಾದ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಚೂರಿಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಗೃಹಕೃತ್ಯ, ಕೃಷಿ, ಕೈಗಾರಿಕೆಗಳಿಗೆಂದೇ ಮಾಡಿದವುಗಳನ್ನು ಹೊರತುಪಡಿಸಿವೆ. ನಾವು ಇಲ್ಲಿ ಹೇಳುತ್ತಿರುವ ಮೂರು ಅಂಗುಲದ ಚಾಕು ಈ ಅಳತೆಗಳಿಗೆ ಬಹಳ ಕೆಳಗಿದೆ. ಆದರೂ ವಿಮಾನದ ಕೈಚೀಲದಲ್ಲಿ ಅದಕ್ಕೆ ಅವಕಾಶವಿಲ್ಲ. ನ್ಯಾಯಾಲಯ, ಶಾಲೆ, ಮತಗಟ್ಟೆ, ಬೆಂಗಳೂರಿನ ಮೆಟ್ರೋ ಮೊದಲಾದ ಕಡೆಗೆ ಹೊರಟಾಗ ಅದನ್ನು ಮನೆಯಲ್ಲಿಯೇ ಬಿಡುವುದು ವಿವೇಕ.

ಆರಿಸುವ ಬಗೆ

ಅಳತೆ: ಅಲಗು ಮೂರು ಅಂಗುಲದ ಆಸುಪಾಸಿನಲ್ಲಿದ್ದರೆ, ಎಂದರೆ 7ರಿಂದ 8 ಸೆಂಟಿಮೀಟರ್ ಇದ್ದರೆ, ನಿತ್ಯದ ಎಲ್ಲ ಕೆಲಸಕ್ಕೂ ಸಾಕು. ಮಡಚಿದಾಗ ಚಾಕು ಅಂಗೈಯ ಅಗಲಕ್ಕಿಂತ ಸ್ವಲ್ಪ ಮಾತ್ರ ಉದ್ದವಾಗಿರಬೇಕು. ಭಾರವಾದ ಚಾಕುವನ್ನು ಎರಡು ದಿನ ಇಟ್ಟುಕೊಂಡು ಮೂರನೆಯ ದಿನ ಮನೆಯಲ್ಲಿ ಬಿಟ್ಟು ಹೋಗುತ್ತೇವೆ. ಜೇಬಿನಲ್ಲಿ ಇಲ್ಲದ ಚಾಕು ಎಷ್ಟು ಉತ್ತಮವಾದರೂ ನಿರುಪಯುಕ್ತ.

ಅಲಗಿನ ಸಂಖ್ಯೆ: ಹನ್ನೆರಡು ಉಪಕರಣಗಳನ್ನು ಒಂದರಲ್ಲೇ ಅಡಗಿಸಿದ ಸ್ವಿಸ್ ಮಾದರಿಯ ಚಾಕುಗಳು ಆಕರ್ಷಕವಾಗಿವೆ. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಒದಗಿಸಿದ ಚಾಕು ಈ ವಂಶದ ಮೂಲಪುರುಷ. ಬಂದೂಕನ್ನು ಬಿಚ್ಚಲು ತಿರುಪುಳಿಯೂ ಊಟದ ಡಬ್ಬಿ ತೆರೆಯಲು ಸಾಧನವೂ ಸೈನಿಕನಿಗೆ ಬೇಕಾಗಿದ್ದವು. ತೋಟದ ಕೆಲಸಕ್ಕೆ ಒಂದೇ ಅಲಗು, ಹೆಚ್ಚೆಂದರೆ ಎರಡು, ಸಾಕು. ಸಂದುಗಳು ಕಡಿಮೆಯಾದಷ್ಟೂ ಮಣ್ಣು, ಸೊನೆಗಳು ಸೇರುವುದು ಕಡಿಮೆ, ತೊಳೆಯುವುದು ಸುಲಭ.

ಉಕ್ಕು: ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಮ್ಮಾರರು ಬಳಸುವ ಇಂಗಾಲದ ಉಕ್ಕು. ಅದು ಬೇಗ ಹರಿತವಾಗುತ್ತದೆ. ಮನೆಯ ಸಾಣೆಕಲ್ಲಿಗೆ ಒಗ್ಗುತ್ತದೆ. ಆದರೆ ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಎರಡನೆಯದು ತುಕ್ಕು ನಿರೋಧಕವಾದ ಸ್ಟೇನ್‌ಲೆಸ್ ಉಕ್ಕು. ಇದರಲ್ಲಿ ಕ್ರೋಮಿಯಂ ಶೇಕಡಾ ಹತ್ತಕ್ಕಿಂತ ಹೆಚ್ಚಾಗಿ ಬೆರೆತಿರುತ್ತದೆ. ಉತ್ತಮ ದರ್ಜೆಯದಾದರೆ ಬಹಳ ಒಳ್ಳೆಯದು. ಅಗ್ಗದ್ದಾದರೆ ಹೊಳಪಷ್ಟೇ ಅದರ ಗುಣ, ಅಂಚು ನಿಲ್ಲುವುದಿಲ್ಲ. ಬೆವರು, ಹಣ್ಣಿನ ರಸ, ತೊಳೆಯುವ ನೀರು ಸದಾ ತಾಗುವವರಿಗೆ, ಅಡುಗೆ ಮನೆಯಲ್ಲಿ ಬಳಸುವ ತಾಯಂದಿರಿಗೆ ಸ್ಟೇನ್‌ಲೆಸ್ ಉತ್ತಮ. ಒರೆಸಿಡುವ ಅಭ್ಯಾಸವುಳ್ಳ ಕೃಷಿಕರಿಗೆ ಇಂಗಾಲದ ಉಕ್ಕನ್ನೇ ನಾವು ಸೂಚಿಸುತ್ತೇವೆ.

ಇಂಗಾಲದ ಉಕ್ಕಿನಿಂದ ಹಸಿ ಅಡಿಕೆ, ಬಾಳೆಕಾಯಿ, ಮಾವಿನಕಾಯಿಗಳನ್ನು ಕೊಯ್ದರೆ ಅಲಗು ಕಪ್ಪಾಗುತ್ತದೆ. ಇದನ್ನು ಕಂಡು ಕೆಲವರು ಚಾಕು ಕೆಟ್ಟಿತೆಂದು ಎಸೆಯುವುದುಂಟು. ಕಾಯಿಯ ಒಗರು ಕಬ್ಬಿಣದೊಡನೆ ಸೇರಿ ಈ ಕಪ್ಪು ಉಂಟಾಗುತ್ತದೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿಯನ್ನು ಬೆರೆಸಿ ಬರೆಯುವ ಮಸಿಯನ್ನು ತಯಾರಿಸುತ್ತಿದ್ದುದೂ ಇದೇ ತತ್ತ್ವದಿಂದ. ಈ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುವುದರಿಂದ ಅದನ್ನು ಉಜ್ಜಿ ತೆಗೆಯಬೇಕಾಗಿಲ್ಲ. ಕೆಂಪು ತುಕ್ಕನ್ನು ಮಾತ್ರ ಕೂಡಲೇ ತೆಗೆಯಬೇಕು.

ಕೀಲು ಮತ್ತು ತಡೆ: ಮಡಚುವ ಚಾಕುವಿನ ಪ್ರಾಣವಿರುವುದು ಅದರ ಕೀಲಿನಲ್ಲಿ. ತೀರ ಸರಳವಾದ ಬಗೆಯಲ್ಲಿ ಅಲಗು ಬರಿಯ ಆಣಿಯ ಬಿಗಿತದಿಂದ ನಿಲ್ಲುತ್ತದೆ. ಕ್ಷೌರಿಕರ ಮಡಚುವ ಕತ್ತಿ ಇದಕ್ಕೆ ಎಲ್ಲರೂ ಕಂಡ ನಿದರ್ಶನ. ಜಪಾನಿನ ಮಿಕಿ ಪಟ್ಟಣದ ‘ಹಿಗೊನೊಕಾಮಿ’ ಎಂಬ ಹಳೆಯ ಚಾಕುವಿನಲ್ಲಿ ಅಲಗಿನ ಹಿಂದೆ ಒಂದು ಸಣ್ಣ ಬಾಲವಿದ್ದು, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುವವರೆಗೆ ಅಲಗು ಮಡಚಿಕೊಳ್ಳುವುದಿಲ್ಲ. ಎರಡನೆಯ ಬಗೆಯಲ್ಲಿ ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗು ಅಲಗನ್ನು ಒತ್ತಿ ನಿಲ್ಲಿಸುತ್ತದೆ. ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಚಾಕುಗಳು ಬಹುತೇಕ ಈ ಜಾತಿಯವು. ಮೂರನೆಯ ಬಗೆಯಲ್ಲಿ ಅಲಗು ತೆರೆದ ಮೇಲೆ ತಾನಾಗಿ ಮಡಚದಂತೆ ಒಂದು ಬೀಗ ಇರುತ್ತದೆ.

ಈ ಮೂರನೆಯ ಬಗೆಗೆ ಫ್ರಾನ್ಸಿನ ‘ಒಪಿನೆಲ್’ ಉತ್ತಮ ಉದಾಹರಣೆ. ಸವೊಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಸುತ್ತಮುತ್ತಲ ರೈತಾಪಿ ಜನರಿಗಾಗಿ ಮಾಡಿದ ಚಾಕು ಅದು. ಒಂದು ಮರದ ಹಿಡಿ, ಒಂದು ಅಲಗು, ಒಂದು ಆಣಿ, ಇಷ್ಟೇ ಅದರ ರಚನೆ. 1955ರಲ್ಲಿ ಕೊರಳಿಗೆ ತಿರುಗಿಸುವ ಉಂಗುರವೊಂದನ್ನು ಸೇರಿಸಿದರು. ಅಲಗು ತೆರೆದು ಉಂಗುರ ತಿರುಗಿಸಿದರೆ ಅದು ಮಡಚದು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದಕ್ಕೆ ಬೇಕೆನಿಸಿದ ದೊಡ್ಡ ಸುಧಾರಣೆ ಇದೊಂದೇ. ಅದೇ ಸಂಸ್ಥೆಯ 6ನೆಯ ಸಂಖ್ಯೆಯ ಚಾಕುವಿಗೆ 7 ಸೆಂಟಿಮೀಟರ್, 7ನೆಯದಕ್ಕೆ 8 ಸೆಂಟಿಮೀಟರ್ ಅಲಗು ಇರುತ್ತದೆ. ಅದನ್ನೇ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದರ ಸರಳತೆಯನ್ನು ಮಾದರಿಯಾಗಿ ಇಟ್ಟುಕೊಂಡು ಇತರ ಚಾಕುಗಳನ್ನು ಅಳೆಯಬಹುದು.

ಬೀಗವಿಲ್ಲದ ಚಾಕುವಿನಿಂದ ಎಂದಿಗೂ ಚುಚ್ಚಬಾರದು, ಅಲಗಿನ ಬೆನ್ನಿಗೆ ಒತ್ತಡ ಬೀಳುವಂತೆ ಬಳಸಬಾರದು. ಹಾಗೆ ಮಾಡಿದರೆ ಅಲಗು ಹಿಂದಕ್ಕೆ ಮಡಚಿ ತೋರುಬೆರಳನ್ನೇ ಕೊಯ್ಯುತ್ತದೆ. ಮಕ್ಕಳಿಗೆ, ವಯೋವೃದ್ಧರಿಗೆ ಬೀಗವಿರುವುದೇ ಕ್ಷೇಮ.

ಹಿಡಿ: ಮರದ ಹಿಡಿ ಬೆವರಿನ ಕೈಯಲ್ಲೂ ಜಾರದು. ಒದ್ದೆಯಾದರೆ ಉಬ್ಬಿ ಅಲಗು ಬಿಗಿಯಾಗುವುದೊಂದೇ ಅದರ ದೋಷ; ಒಣಗಿದ ಮೇಲೆ ಸರಿಹೋಗುತ್ತದೆ. ಹಿತ್ತಾಳೆ, ಉಕ್ಕಿನ ತಗಡಿನ ಹಿಡಿಗಳು ಬಾಳಿಕೆ ಬರುತ್ತವೆ, ಆದರೆ ಒದ್ದೆ ಕೈಯಲ್ಲಿ ಜಾರುತ್ತವೆ. ಹೊಲದಲ್ಲಿ ಬಿದ್ದರೆ ಕಣ್ಣಿಗೆ ಬೀಳುವಂತೆ ಹಿಡಿಗೆ ಒಂದು ಕೆಂಪು ದಾರವನ್ನು ಕಟ್ಟುವುದು ಒಳ್ಳೆಯ ಪದ್ಧತಿ.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ

ಅಂಗಡಿಯಲ್ಲಿ ನಿಂತು ಐದು ಸಂಗತಿಗಳನ್ನು ನೋಡಬೇಕು. ಒಂದು, ಅಲಗನ್ನು ತೆರೆದು ತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲ್ಲಾಡಿಸಬೇಕು. ಹೊಸದರಲ್ಲೇ ಅಲ್ಲಾಡುವುದು ಮುಂದೆ ಬಿಗಿಯಾಗದು. ಎರಡು, ಮಡಚಿದಾಗ ಅಲಗಿನ ಮೊನೆ ಹಿಡಿಯೊಳಗೆ ಪೂರ್ತಿ ಅಡಗಬೇಕು; ಹೊರಗೆ ಇಣುಕಿದರೆ ಜೇಬನ್ನೂ ಬೆರಳನ್ನೂ ಹರಿಯುತ್ತದೆ. ಮೂರು, ಅಲಗು ಹಿಡಿಯ ನಡುವೆ ನೇರವಾಗಿ ಕೂರಬೇಕು. ಒಂದು ಪಕ್ಕಕ್ಕೆ ಉಜ್ಜಬಾರದು. ನಾಲ್ಕು, ಉಗುರು ಸೇರಿಸಿ ಎಳೆಯುವ ಗಚ್ಚು ಆಳವಾಗಿದ್ದು, ಉಗುರು ಮುರಿಯದಂತೆ ತೆರೆಯಲು ಬರಬೇಕು. ಐದು, ಅಂಚನ್ನು ಬೆಳಕಿಗೆ ಹಿಡಿದು ನೋಡಿದಾಗ ಎರಡು ಪಕ್ಕದ ಮಸೆತವೂ ಸಮನಾಗಿರಬೇಕು. ಹಿಡಿಯ ಮೇಲಿನ ಬಣ್ಣ, ಚಿತ್ತಾರ, ಪರದೇಶದ ಹೆಸರು ಇವು ಯಾವುದೂ ಈ ಐದಕ್ಕೆ ಬದಲಾಗಲಾರವು.

ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಕಮ್ಮಾರರಿಂದಲೇ ಮಾಡಿಸಿಕೊಳ್ಳುವುದು ಶ್ರೇಷ್ಠ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಅವರು ಮಚ್ಚು, ಕುಡುಗೋಲುಗಳನ್ನು ಬಡಿಯುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಉಕ್ಕು ಸಣ್ಣ ಅಲಗಿಗೂ ಒದಗುತ್ತದೆ. ಸ್ಪ್ರಿಂಗು, ಬೀಗಗಳಿಲ್ಲದ, ಬರಿಯ ಆಣಿಯ ಬಿಗಿತದ ಮಡಚುವ ಚಾಕುವನ್ನು ಮಾಡಲು ಅವರಿಗೆ ವಿಶೇಷ ಯಂತ್ರಗಳು ಬೇಕಾಗಿಲ್ಲ. ಒಂದು ಅಲಗು, ಮಡಿಸಿದ ತಗಡು ಅಥವಾ ಸೀಳಿದ ಮರದ ಹಿಡಿ, ಒಂದು ಆಣಿ ಇದ್ದರೆ ಆಯಿತು. ಆಣಿ ಸಡಿಲವಾದರೆ ಅವರೇ ಒಂದು ಏಟು ಕೊಟ್ಟು ಬಿಗಿ ಮಾಡಿಕೊಡುತ್ತಾರೆ. ಮಾಡಿದವರೇ ಊರಿನಲ್ಲಿರುವಾಗ ದುರಸ್ತಿಗೆ ಪರಸ್ಥಳವನ್ನು ಹುಡುಕಬೇಕಾಗಿಲ್ಲ. ಅವರ ಕಾಯಕಕ್ಕೂ ಇದರಿಂದ ಒಂದಿಷ್ಟು ಆಸರೆ ದೊರೆಯುತ್ತದೆ.

ಮಸೆಯುವುದು ಮತ್ತು ಜೋಪಾನ

ಮೊಂಡು ಚಾಕು ಹರಿತ ಚಾಕುವಿಗಿಂತ ಅಪಾಯಕರ. ಮೊಂಡಾದಷ್ಟೂ ಬಲ ಹಾಕುತ್ತೇವೆ. ಬಲ ಹಾಕಿದಾಗ ಅಲಗು ಜಾರುತ್ತದೆ. ಜಾರಿದಾಗ ಅದು ಹೋಗುವುದು ಕೈಯ ಕಡೆಗೆ.

ಮಸೆಯಲು ನಯವಾದ ಸಾಣೆಕಲ್ಲೊಂದಿದ್ದರೆ ಸಾಕು. ಕಲ್ಲನ್ನು ನೀರಿನಿಂದ ತೋಯಿಸಿ, ಅಲಗಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪ ಮೇಲಕ್ಕೆತ್ತಿ ಹಿಡಿಯಬೇಕು. ಒಂದು ರೂಪಾಯಿಯ ಮೂರು ನಾಣ್ಯಗಳನ್ನು ಒಂದರ ಮೇಲೊಂದಿಟ್ಟಷ್ಟು ಎತ್ತರ ಸಣ್ಣ ಅಲಗಿಗೆ ಸರಿಹೋಗುತ್ತದೆ. ಆ ಎತ್ತರ ಬದಲಾಗದಂತೆ, ಕಲ್ಲಿನಿಂದ ತೆಳುವಾದ ಪದರವನ್ನು ಹೆರೆಯುವವರ ಹಾಗೆ, ಹಿಡಿಯಿಂದ ತುದಿಯವರೆಗೆ ಎಳೆಯಬೇಕು. ಒಂದು ಪಕ್ಕವನ್ನು ಸಾಕಷ್ಟು ಮಸೆದಾಗ ಅಂಚಿನ ಇನ್ನೊಂದು ಪಕ್ಕದಲ್ಲಿ ಬೆರಳಿಗೆ ತಡೆಯುವಂತಹ ಸಣ್ಣ ತರಿ ಏಳುತ್ತದೆ. ಆಗ ಮಗ್ಗುಲು ಬದಲಿಸಿ ಅಷ್ಟೇ ಸಲ ಮಸೆಯಬೇಕು. ಕಡೆಗೆ ಹಳೆಯ ಚರ್ಮದ ಪಟ್ಟಿಯ ಮೇಲೆ ಅಲಗಿನ ಬೆನ್ನು ಮುಂದಾಗಿ ಹತ್ತು ಸಲ ಎಳೆದರೆ ತರಿ ಉದುರಿ ಅಂಚು ನಿಲ್ಲುತ್ತದೆ. ಸಾಣೆಕಲ್ಲು ಇಲ್ಲದಾಗ ಪಿಂಗಾಣಿ ಬಟ್ಟಲಿನ ತಳದಲ್ಲಿರುವ ಮೆರುಗಿಲ್ಲದ ಒರಟು ಬಳೆಯೂ ತಾತ್ಕಾಲಿಕವಾಗಿ ಒದಗುತ್ತದೆ.

ವಿದ್ಯುತ್ ಚಕ್ರಕ್ಕೆ ಕಿಡಿ ಹಾರುವಂತೆ ಒತ್ತಿ ಹಿಡಿಯುವುದು ಸರಿಯಲ್ಲ. ತೆಳುವಾದ ಅಂಚು ಕ್ಷಣಾರ್ಧದಲ್ಲಿ ಕಾದು ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಕಮ್ಮಾರರು ಕೊಟ್ಟ ಹದ ಹೋಯಿತೆಂದೇ ಅರ್ಥ. ಆ ಮೇಲೆ ಎಷ್ಟು ಮಸೆದರೂ ಆ ಭಾಗದಲ್ಲಿ ಹರಿತ ನಿಲ್ಲದು.

ಬಳಸಿದ ಮೇಲೆ ಅಲಗನ್ನು ಒರೆಸಿ, ಒಣಗಿಸಿ ಮಡಚಬೇಕು. ವಾರಕ್ಕೊಮ್ಮೆ ಅಲಗಿಗೂ ಕೀಲಿಗೂ ಒಂದೊಂದು ಹನಿ ಕೊಬ್ಬರಿ ಎಣ್ಣೆ ಸಾಕು. ತೆಂಗಿನ ಸೀಮೆಯವರಿಗೆ ಇದು ಮನೆಯ ವಸ್ತು. ಕೆಲವು ಎಣ್ಣೆಗಳು ದಿನಕಳೆದಂತೆ ಅಂಟಾಗಿ ಒಣಗುತ್ತವೆ. ಕೊಬ್ಬರಿ ಎಣ್ಣೆ ಹಾಗಾಗದು; ಹಣ್ಣು ಕೊಯ್ದರೂ ಬಾಧಕವಿಲ್ಲ.

ದಾಳಿಂಬೆ ಬೆಳೆಗಾರರು ಇನ್ನೊಂದು ಸಂಗತಿಯನ್ನು ಮರೆಯಬಾರದು. ದುಂಡಾಣು ಅಂಗಮಾರಿ ರೋಗವು ಕತ್ತರಿ, ಚಾಕುಗಳ ಮೂಲಕವೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಆದ್ದರಿಂದ ಒಂದು ಗಿಡವನ್ನು ಸವರಿದ ಮೇಲೆ ಮುಂದಿನದಕ್ಕೆ ಹೋಗುವ ಮೊದಲು ಅಲಗನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಅದರ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರಿಂದ ಕೇಳಿ ತಿಳಿಯಬಹುದು. ಈ ದ್ರಾವಣ ಉಕ್ಕನ್ನು ತಿನ್ನುತ್ತದೆ. ಕೆಲಸ ಮುಗಿದೊಡನೆ ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ಮರುದಿನವೇ ತುಕ್ಕು ಕಾಣುತ್ತದೆ. ಈ ಕೆಲಸಕ್ಕೆ ಸ್ಟೇನ್‌ಲೆಸ್ ಚಾಕುವನ್ನು ಪ್ರತ್ಯೇಕವಾಗಿ ಇಡುವುದೇ ಮೇಲು. ಕಸಿ ಕಟ್ಟುವ ಚಾಕುವನ್ನೂ ಬೇರೆಯೇ ಇಟ್ಟುಕೊಳ್ಳಬೇಕು; ಅದರ ಅಂಚನ್ನು ಒಂದೇ ಪಕ್ಕಕ್ಕೆ ಮಸೆದಿರುವುದರಿಂದ ಇತರ ಕೆಲಸಕ್ಕೆ ಅದು ಒಗ್ಗದು.

ಮಕ್ಕಳ ಕೈಗೆ ಕೊಡುವಾಗ

ಚಾಕುವನ್ನು ಮಕ್ಕಳಿಂದ ಬಚ್ಚಿಡುವುದಕ್ಕಿಂತ, ತಕ್ಕ ವಯಸ್ಸಿನಲ್ಲಿ ಹಿರಿಯರ ಎದುರಿಗೆ ಕಲಿಸುವುದು ಉತ್ತಮ. ಕಲಿಸಬೇಕಾದುವು ಕೆಲವೇ. ಕೊಯ್ಯುವಾಗ ಅಲಗು ಮೈಯಿಂದ ಆಚೆಗೆ ಹೋಗಬೇಕು. ಕೊಯ್ಯುವ ವಸ್ತುವನ್ನು ಅಂಗೈಯಲ್ಲಾಗಲಿ ತೊಡೆಯ ಮೇಲಾಗಲಿ ಇಟ್ಟುಕೊಳ್ಳಬಾರದು. ನಡೆಯುವಾಗ ಚಾಕು ಮಡಚಿರಬೇಕು. ಬೇರೆಯವರಿಗೆ ಕೊಡುವಾಗಲೂ ಮಡಚಿ ಕೊಡಬೇಕು. ಕೈ ಜಾರಿ ಬಿದ್ದ ಚಾಕುವನ್ನು ನಡುವೆ ಹಿಡಿಯಲು ಹೋಗಬಾರದು. ಇಷ್ಟನ್ನು ಅಜ್ಜನೋ ತಾಯಿಯೋ ಒಮ್ಮೆ ತೋರಿಸಿಕೊಟ್ಟರೆ ಮಗು ಬಾಳಿನುದ್ದಕ್ಕೂ ಮರೆಯದು.

ಇಷ್ಟಾದರೂ ಗಾಯವಾದರೆ, ಅರಿಸಿನ, ಕಾಫಿಪುಡಿಗಳನ್ನು ಮೆತ್ತುವ ಬದಲು ಶುದ್ಧವಾದ ನೀರಿನಿಂದ ತೊಳೆದು, ಒಗೆದ ಬಟ್ಟೆಯನ್ನು ಒತ್ತಿ ಹಿಡಿದು ರಕ್ತವನ್ನು ನಿಲ್ಲಿಸಬೇಕು. ಗಾಯ ಆಳವಾಗಿದ್ದರೆ, ಬೆರಳು ಮಡಚಲು ಬಾರದಿದ್ದರೆ ಅಥವಾ ಮರಗಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಣ್ಣು, ಗೊಬ್ಬರಗಳ ನಡುವೆ ಕೆಲಸ ಮಾಡುವವರು ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಂಡಿರುವುದು ಅತ್ಯಗತ್ಯ. ಈ ಭಯ ತುಕ್ಕು ಹಿಡಿದ ಕಬ್ಬಿಣಕ್ಕೆ ಮಾತ್ರ ಸೀಮಿತವೆಂದು ತಿಳಿಯಬಾರದು. ಆ ರೋಗಾಣು ಇರುವುದು ಮಣ್ಣಿನಲ್ಲಿ ಮತ್ತು ಸಗಣಿಯಲ್ಲಿ.

ಒಟ್ಟಿನಲ್ಲಿ ಹೇಳುವುದಾದರೆ, ಮೂರು ಅಂಗುಲದ ಒಂದು ಅಲಗು, ಅಲ್ಲಾಡದ ಕೀಲು, ಕೈಗೆ ಒಗ್ಗುವ ಹಿಡಿ, ಮನೆಯ ಕಲ್ಲಿಗೆ ಮಣಿಯುವ ಉಕ್ಕು, ಇಷ್ಟು ಗುಣಗಳುಳ್ಳ ಚಾಕು ಬಡವರ ಮನೆಗೂ ಎಟುಕದ ವಸ್ತುವಲ್ಲ. ಮುಂದಿನ ಸಂತೆಗೆ ಹೋದಾಗ ಅವಸರಪಡದೆ ಐದು ನಿಮಿಷ ನಿಂತು, ಬಿಚ್ಚಿ, ಮಡಚಿ, ನೋಡಿ ಕೊಳ್ಳಿರಿ. ಮನೆ ಸೇರಿದೊಡನೆ ಮಾಡಿನ ಸಂದಿ, ಕಿಟಕಿಯ ಮೂಲೆಗಳಲ್ಲಿ ಸಿಕ್ಕಿಸಿಟ್ಟ ಹಳೆಯ ಬ್ಲೇಡುಗಳನ್ನೆಲ್ಲ ಒಟ್ಟುಮಾಡಿ, ಮುಚ್ಚಳವುಳ್ಳ ತಗಡಿನ ಡಬ್ಬಿಯೊಂದರಲ್ಲಿ ಹಾಕಿ ಬಿಗಿದಿಡಿರಿ. ಹಟ್ಟಿಯ ಹಸುವಿಗೆ ಅದರಿಂದಾಗುವ ಉಪಕಾರ ಸಣ್ಣದಲ್ಲ.